ಫುಕುಓಕಾ ಟವರ್: ಒಳಗೆ ಖಾಲಿ ಇರುವ ಗೋಪುರ ಊರಿನ ಗುರುತಾಗಿದ್ದು ಹೇಗೆ?

ಕಡಲಹಕ್ಕಿ:
ಜಪಾನಿನಲ್ಲಿರುವ, ಅಲ್ಲಿಗೆ ಹೋಗಿಬಂದಿರುವ ಕನ್ನಡದವರು ಇಲ್ಲಿ ಸುಮಾರು ಜನ ಇದ್ದೀರಿ. ಅದಕ್ಕೇ ಕೇಳುತ್ತಿದ್ದೇನೆ. ಫುಕುಓಕಾದ ಯಾವ ಪೋಸ್ಟ್‌ಕಾರ್ಡ್ ತೆಗೆದುಕೊಂಡರೂ ಅದರಲ್ಲಿ ಸಮುದ್ರದ ದಡದ ಆ ಕನ್ನಡಿ ಗೋಪುರ ಇದ್ದೇ ಇರುತ್ತದೆ. 234 ಮೀಟರ್ ಎತ್ತರ. ಜಪಾನಿನ ಕಡಲ ತೀರದ ಗೋಪುರಗಳಲ್ಲೇ ದೊಡ್ಡದು ಎಂಬ ಹೆಸರು ಬೇರೆ. ಸರಿ ಎಂದು ಟಿಕೆಟ್ ತೆಗೆದುಕೊಂಡು ಹೋದೆ. ಲಿಫ್ಟ್ ಸುಮಾರು 70 ಸೆಕೆಂಡಿನಲ್ಲಿ ಮೇಲೆ ಬಿಟ್ಟಿತು. ಎಲ್ಲಿ ಬಿಟ್ಟಿತು? 123 ಮೀಟರಿನಲ್ಲಿ. ಅರ್ಧ ದಾಟಿ ಸ್ವಲ್ಪ ಮೇಲೆ, ಅಷ್ಟೇ.

ಇನ್ನೊಂದು ವಿಷಯ. ಹೊರಗಿನಿಂದ ನೋಡಿದರೆ ಮೂವತ್ತು ನಲವತ್ತು ಮಹಡಿಯ ಗಾಜಿನ ಕಟ್ಟಡ ಅನ್ನಿಸುತ್ತದೆ. ಲಿಫ್ಟಿನಿಂದ ನೋಡಿದರೆ ಒಳಗೆ ಬರೀ ಉಕ್ಕಿನ ತೊಲೆಗಳು. ಮಹಡಿ ಇಲ್ಲ, ಆಫೀಸಿಲ್ಲ, ಏನೂ ಇಲ್ಲ. ಖಾಲಿ! ಮೇಲಿನ ನೋಟ ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ನೋಟ ಬೇಕಿದ್ದರೆ ಪಕ್ಕದಲ್ಲೇ ಬೆಟ್ಟ ಇದೆ. ಸಿಗ್ನಲ್ ಬೇಕಿದ್ದರೆ ಒಂದು ಕಬ್ಬಿಣದ ಕಂಬ ಸಾಕು. ಇಷ್ಟು ದೊಡ್ಡ ಖಾಲಿ ಡಬ್ಬಕ್ಕೆ ಊರಿನ ಗುರುತಿನ ಪಟ್ಟ ಯಾಕೆ? ಗೊತ್ತಿರುವವರು ಹೇಳಿ.

ಸಂಜೆಬಿಸಿಲು:
ಮಧ್ಯಾಹ್ನ ಹೋಗಿದ್ದಿರಾ? ಅದೇ ತೊಂದರೆ. ಸೂರ್ಯ ಮುಳುಗುವ ಒಂದು ಗಂಟೆ ಮೊದಲು ಹೋಗಬೇಕು. ಪಶ್ಚಿಮಕ್ಕೆ ಇತೊಶಿಮಾ ಕಡೆಯ ಗುಡ್ಡಗಳು, ಎದುರಿಗೇ ನೊಕೊನೊಶಿಮಾ ದ್ವೀಪ, ಕತ್ತಲಾಗುತ್ತಾ ಹೋದಂತೆ ಪೂರ್ವಕ್ಕೆ ಊರಿನ ದೀಪಗಳು. ರಾತ್ರಿ 10ರವರೆಗೂ ತೆರೆದಿರುತ್ತದೆ, ಅವಸರ ಬೇಡ.

ನಟ್ಟುಬೋಲ್ಟು:
ಕಡಲಹಕ್ಕಿಯವರೇ, ಖಾಲಿ ಇರುವುದರಿಂದಲೇ ಅದು ನಿಂತಿದೆ. ನಾನು ಉಕ್ಕಿನ ಕಟ್ಟಡಗಳ ಲೆಕ್ಕಾಚಾರ ಮಾಡುವವನು, ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಈ ಗೋಪುರದ ನೆಲದ ಮೇಲಿನ ಭಾಗದ ತೂಕ ಸುಮಾರು 3,500 ಟನ್. ನೆಲದ ಕೆಳಗಿನ ಅಡಿಪಾಯದ ತೂಕ ಸುಮಾರು 25,000 ಟನ್. ಕಣ್ಣಿಗೆ ಕಾಣುವುದಕ್ಕಿಂತ ಏಳು ಪಟ್ಟು ಭಾರ ಮಣ್ಣಿನೊಳಗಿದೆ. ಭೂಕಂಪದಲ್ಲಿ ಕಟ್ಟಡದ ಮೇಲೆ ಬೀಳುವ ಬಲ ಅದರ ತೂಕಕ್ಕೆ ತಕ್ಕಂತೆ ಹೆಚ್ಚುತ್ತದೆ. ಮಹಡಿಗಳನ್ನು ತುಂಬಿದರೆ ಕಾಂಕ್ರೀಟು, ಗೋಡೆ, ಜನ, ಸಾಮಾನು ಎಲ್ಲ ಸೇರಿ ಅಷ್ಟೂ ಭಾರ ಎತ್ತರದಲ್ಲಿ ತೂಗಾಡುತ್ತದೆ. ಮೇಲೆ ಹಗುರ, ಕೆಳಗೆ ಭಾರ ಇದ್ದರೆ ಉರುಳಿಸುವುದು ಕಷ್ಟ. ಅದಕ್ಕೇ ಮೇಲ್ಗಡೆ ಮೂರು ನೋಡುವ ಮಹಡಿ ಬಿಟ್ಟು ಬೇರೇನೂ ಇಟ್ಟಿಲ್ಲ.

ಅಡ್ಡಕೊಯ್ತ ತ್ರಿಕೋನ ಅನ್ನುವುದನ್ನೂ ಗಮನಿಸಿರಬಹುದು. ಉಕ್ಕಿನ ಚೌಕವನ್ನು ಪಕ್ಕಕ್ಕೆ ತಳ್ಳಿದರೆ ಓರೆಯಾಗುತ್ತದೆ, ತ್ರಿಕೋನ ಹಾಗಾಗುವುದಿಲ್ಲ. ಮುಕ್ಕಾಲಿ ಮಣೆ ಎಂಥ ನೆಲದ ಮೇಲಿಟ್ಟರೂ ಕುಂಟದು, ಅಲ್ವಾ, ಹಾಗೆ. ಸೆಕೆಂಡಿಗೆ 65 ಮೀಟರ್ ವೇಗದ ಗಾಳಿ ತಡೆಯುವಂತೆ ಇದನ್ನು ಕಟ್ಟಿದ್ದಾರೆ. ಗಂಟೆಗೆ ಲೆಕ್ಕ ಹಾಕಿದರೆ 234 ಕಿಲೋಮೀಟರ್. ಗೋಪುರದ ಎತ್ತರವೂ 234. ಕಾಕತಾಳೀಯ ಅಷ್ಟೇ, ಆದರೆ ನೆನಪಿಟ್ಟುಕೊಳ್ಳೋಕೆ ಸುಲಭ.

ಕಡಲಹಕ್ಕಿ:
ಇದು ಒಪ್ಪುವ ಮಾತು ಸರ್. ಆದರೆ ಹಾಗಿದ್ದರೆ ಗಾಜು ಯಾಕೆ? ಸುಮ್ನೆ ಟೋಕಿಯೋ ಟವರ್ ಥರ ಬರೀ ಜಾಲರಿ ಬಿಟ್ಟಿದ್ದರೆ ಗಾಳಿ ಅದರೊಳಗೆ ಹಾದುಹೋಗುತ್ತಿತ್ತು. ಗಾಜು ಹೊದಿಸಿದ ಮೇಲೆ ಅದು ಗಾಳಿಗೆ ಎದೆಯೊಡ್ಡಿ ನಿಂತ ಹಾಗೆ ಆಗಲಿಲ್ಲವೇ?

ನಟ್ಟುಬೋಲ್ಟು:
ಆಯಿತು. ಗಾಳಿಯ ಹೊರೆ ಜಾಸ್ತಿಯಾಯಿತು. ಆದರೆ ಒಂದು ಲಾಭವೂ ಇದೆ. ಸಮುದ್ರದ ಉಪ್ಪುಗಾಳಿ ಬರೀ ಉಕ್ಕನ್ನು ಬೇಗ ತಿನ್ನುತ್ತದೆ. ಗಾಜು ಹೊದಿಸಿದರೆ ಒಳಗಿನ ಚೌಕಟ್ಟಿಗೆ ಉಪ್ಪಿನ ನೀರು ನೇರ ಬಡಿಯುವುದಿಲ್ಲ. ಗಾಜು ಹಾಕಲು ಇದೇ ಕಾರಣ ಎಂದು ನಾನು ಹೇಳುತ್ತಿಲ್ಲ. ಚೆಂದಕ್ಕೇ ಹಾಕಿದ್ದಾರೆ ಎಂದು ಯಾರಾದರೂ ಹೇಳಿದರೂ ಜಗಳ ಮಾಡುವುದಿಲ್ಲ.

ಬಣ್ಣದಪೆಟ್ಟಿಗೆ:
ಚೆಂದ ಅಂದರೆ ಅದೇನು ಕಡಿಮೆಯೇ? 8,000 ಅರೆಗನ್ನಡಿ ಹಾಳೆಗಳು. ಕನ್ನಡಿಯ ಹಾಯಿ ಅಂತ ಅಡ್ಡಹೆಸರೇ ಬಿದ್ದಿದೆ. ಅರೆಗನ್ನಡಿಯ ಗುಟ್ಟು ಸರಳ. ಗಾಜಿನ ಮೇಲೆ ತೀರಾ ತೆಳುವಾದ ಲೋಹದ ಲೇಪ ಇರುತ್ತದೆ. ಬೆಳಕು ಯಾವ ಕಡೆ ಜಾಸ್ತಿಯೋ ಆ ಕಡೆಯವರಿಗೆ ಅದು ಕನ್ನಡಿ, ಕತ್ತಲೆಯ ಕಡೆಯವರಿಗೆ ಕಿಟಕಿ. ಹಗಲು ಹೊರಗೆ ಬೆಳಕು, ಹಾಗಾಗಿ ಹೊರಗಿನವರಿಗೆ ಆಕಾಶವೂ ಮೋಡವೂ ಕಾಣುತ್ತದೆ. ರಾತ್ರಿ ಒಳಗೆ ದೀಪ ಹಾಕಿದರೆ ಉಲ್ಟಾ. ಇಡೀ ಗೋಪುರ ಪಾರದರ್ಶಕ ಆಗುತ್ತದೆ. ಕಾಲಕ್ಕೆ ತಕ್ಕ ಹಾಗೆ ದೀಪದ ಚಿತ್ರ ಬದಲಿಸುತ್ತಾರೆ. ಡಿಸೆಂಬರಿನಲ್ಲಿ ಕ್ರಿಸ್‌ಮಸ್ ಮರ, ಜುಲೈ ಹೊತ್ತಿಗೆ ತನಾಬಾತಾ ಹಬ್ಬದ ಆಕಾಶಗಂಗೆ.

ಖಾಲಿ ಅಂತ ಬೈದಿರಲ್ಲ, ಒಳಗೆ ಮಹಡಿಗಳಿದ್ದಿದ್ದರೆ ಈ ಆಟ ಆಡೋಕೆ ಆಗುತ್ತಿತ್ತೇ? ಸಾಲು ಸಾಲು ಟ್ಯೂಬ್‌ಲೈಟು, ಕುರ್ಚಿ, ಫೈಲು ಕಾಣುತ್ತಿತ್ತು.

ಸಿಗ್ನಲ್‌ಶೆಟ್ಟಿ:
ಈಗ ನನ್ನ ಸರದಿ. ಸಿಗ್ನಲ್‌ಗೆ ಒಂದು ಕಂಬ ಸಾಕು ಎಂದಿರಿ. ಸಾಕು, ಆದರೆ ಎತ್ತರದ ಕಂಬ ಬೇಕು. ಜಪಾನಿನ ಡಿಜಿಟಲ್ ಟೀವಿ ಓಡುವುದು ಯುಎಚ್‌ಎಫ್‌ನಲ್ಲಿ, ಅಂದರೆ 470ರಿಂದ 710 ಮೆಗಾಹರ್ಟ್ಸ್ ರೇಡಿಯೋ ಅಲೆಗಳಲ್ಲಿ. ಈ ಅಲೆಗಳು ಹೆಚ್ಚೂಕಡಿಮೆ ನೇರ ಹೋಗುತ್ತವೆ, ಗುಡ್ಡ ಬಳಸಿ ಬರುವುದಿಲ್ಲ. ಭೂಮಿ ದುಂಡಗಿದೆ. ಹಾಗಾಗಿ ಆಂಟೆನಾ ಎಷ್ಟು ಎತ್ತರವೋ ಅಷ್ಟು ದೂರ. 123 ಮೀಟರಿನ ಮಹಡಿಯಿಂದ ನಿಮ್ಮ ಕಣ್ಣಿಗೆ ಸಮುದ್ರದ ಅಂಚು ಸುಮಾರು 40 ಕಿಲೋಮೀಟರಿನಲ್ಲಿ ಸಿಗುತ್ತದೆ. ರೇಡಿಯೋ ಅಲೆ ಗಾಳಿಯಲ್ಲಿ ಸ್ವಲ್ಪ ಬಾಗುವುದರಿಂದ 234 ಮೀಟರಿನ ತುದಿಗೆ ಆ ಅಂಚು ಸುಮಾರು 63 ಕಿಲೋಮೀಟರು. ನಿಮಗೆ ಹತ್ತಲು ಬಿಡದ ಆ ಮೇಲಿನ ಭಾಗ ದುಡಿಯುತ್ತಿರುವುದು ಇದಕ್ಕೇ.

ಬೆಟ್ಟ ಇದೆಯಲ್ಲ ಎಂಬ ಮಾತು ಸರಿಯೇ. ಅದೇ ಫುಕುಓಕಾ ಪ್ರಾಂತ್ಯದ ಕಿತಾಕ್ಯೂಶೂ ನಗರಕ್ಕೆ ಸಿಗ್ನಲ್ ಕೊಡುವುದು 622 ಮೀಟರಿನ ಸರಾಕುರಾ ಬೆಟ್ಟದಿಂದ. ಬೆಟ್ಟದ ತುದಿ ಇದ್ದರೆ ಎತ್ತರ ಬಿಟ್ಟಿ ಸಿಗುತ್ತದೆ. ಫುಕುಓಕಾದಲ್ಲಿ ದಕ್ಷಿಣಕ್ಕೆ ಅಬುರಾಯಾಮಾ ಇದೆ, 597 ಮೀಟರ್. ಆದರೆ ಊರು ಇರುವುದು ಬೆಟ್ಟ ಮತ್ತು ಸಮುದ್ರದ ನಡುವಿನ ಬಯಲಿನಲ್ಲಿ. ಆ ಬಯಲಿಗೆ ಸಮುದ್ರದ ಕಡೆಯಿಂದ ಬೆಳಕು ಬಿಟ್ಟ ಹಾಗೆ ಸಿಗ್ನಲ್ ಬಿಡಬಹುದು, ಮಧ್ಯೆ ಅಡ್ಡ ಬರುವುದು ಕಡಿಮೆ. ಬೆಟ್ಟದ ಹಿಂದಿನ ಊರುಗಳಿಗೆ ಹೇಗೂ ಮರುಪ್ರಸಾರದ ಸಣ್ಣ ಕೇಂದ್ರಗಳು ಬೇಕೇ ಬೇಕು.

ಇನ್ನೊಂದು ಮಾತು. ಊರಿಗೆ ಹಲವು ಚಾನೆಲ್ ಇದ್ದು ಒಬ್ಬೊಬ್ಬರು ಒಂದೊಂದು ಕಡೆಯಿಂದ ಬಿಟ್ಟರೆ ಮನೆಯ ಮೇಲಿನ ಆಂಟೆನಾವನ್ನು ಯಾವ ಕಡೆ ತಿರುಗಿಸುವುದು? 2006ರಲ್ಲಿ ಡಿಜಿಟಲ್ ಪ್ರಸಾರ ಶುರುವಾದಾಗ ಸಾರ್ವಜನಿಕ ವಾಹಿನಿ ಎನ್‌ಎಚ್‌ಕೆಯೂ ಖಾಸಗಿ ಚಾನೆಲ್‌ಗಳೂ ಇದೇ ಗೋಪುರ ಹತ್ತಿದವು. 2011ರ ಜುಲೈ 24ರಂದು ಹಳೇ ಅನಲಾಗ್ ನಿಂತಿತು. ಆಮೇಲೆ ಒಂದೇ ದಿಕ್ಕಿಗೆ ಆಂಟೆನಾ ತಿರುಗಿಸಿದರೆ ಮುಗಿಯಿತು.

ಹಳೇನಾಣ್ಯ:
ಶೆಟ್ಟರೇ, ಇಲ್ಲಿ ಒಂದು ತಮಾಷೆ ನೋಡಿ. ಬೇರೆ ಊರುಗಳಲ್ಲಿ ಟೀವಿಗಾಗಿ ಗೋಪುರ ಕಟ್ಟಿದರು, ಆಮೇಲೆ ಟೀವಿ ಬಿಟ್ಟುಹೋಯಿತು. ನಾಗೋಯಾದ ಟೀವಿ ಟವರ್ 1954ರದ್ದು. 2011ರಲ್ಲಿ ಅನಲಾಗ್ ನಿಂತ ಮೇಲೆ ಅದಕ್ಕೆ ಟೀವಿ ಕೆಲಸವೇ ಉಳಿಯಲಿಲ್ಲ. ಈಗ ಅದರೊಳಗೆ ಹೋಟೆಲ್ ಇದೆ. ಟೋಕಿಯೋ ಟವರಿನ ಟೀವಿ ಕೆಲಸವನ್ನು 2013ರಲ್ಲಿ 634 ಮೀಟರಿನ ಸ್ಕೈಟ್ರೀ ಕಿತ್ತುಕೊಂಡಿತು. ಫುಕುಓಕಾದ್ದು ಹಾಗಲ್ಲ. ಅದು ಹುಟ್ಟಿದ್ದು ಜಾತ್ರೆಗೆ, ಟೀವಿಯ ದೊಡ್ಡ ಕೆಲಸ ಸಿಕ್ಕಿದ್ದು ಆಮೇಲೆ.

ಜಾತ್ರೆ ಅಂದರೆ 1989ರ ಏಷ್ಯಾ ಪೆಸಿಫಿಕ್ ವಸ್ತುಪ್ರದರ್ಶನ. ಯೊಕಾತೋಪಿಯಾ ಎಂದು ಕರೆಯುತ್ತಿದ್ದರು. ಫುಕುಓಕಾ ನಗರಸಭೆಯಾಗಿ 100 ವರ್ಷ ತುಂಬಿದ ನೆಪ. ಮಾರ್ಚ್ 17ರಿಂದ ಸೆಪ್ಟೆಂಬರ್ 3ರವರೆಗೆ ನಡೆಯಿತು, 80 ಲಕ್ಷಕ್ಕೂ ಹೆಚ್ಚು ಜನ ಬಂದರು. ಅದು ನಡೆದ ಜಾಗ ಕೆಲವೇ ವರ್ಷ ಮೊದಲು ಸಮುದ್ರ. ಮೊಮೊಚಿ ಅಂದರೆ ಊರಿನವರು ಈಜಲು ಹೋಗುತ್ತಿದ್ದ ಕಡಲ ತೀರ. 1980ರ ದಶಕದಲ್ಲಿ ಅದರ ಮುಂದೆ ಮಣ್ಣು ತುಂಬಿ ಹೊಸ ನೆಲ ಮಾಡಿದರು. ಈಗ ಗೋಪುರದ ಬುಡದಲ್ಲಿರುವ ಮರಳ ದಂಡೆಯೂ ಮನುಷ್ಯರು ಮಾಡಿದ್ದೇ.

ಹೊಸ ನೆಲದ ಮೇಲೆ ಮನೆ ಇಲ್ಲ, ಮರ ಇಲ್ಲ, ಹಳೇ ದೇವಸ್ಥಾನ ಇಲ್ಲ. ಅಲ್ಲಿಗೆ ಬನ್ನಿ ಎಂದು ಜನರನ್ನು ಕರೆಯುವುದು ಹೇಗೆ? ಎಲ್ಲಿಂದ ನೋಡಿದರೂ ಕಾಣುವ ಒಂದು ಗುರುತು ನೆಡಬೇಕು. ಜಾತ್ರೆ ಮುಗಿದ ಮೇಲೆ ಅದರ ಸುತ್ತ ಊರು ಬೆಳೆಯಿತು. ನಗರದ ಮ್ಯೂಸಿಯಂ 1990ರಲ್ಲಿ, ಬೇಸ್‌ಬಾಲ್ ಡೋಮ್ 1993ರಲ್ಲಿ, ಗ್ರಂಥಾಲಯ, ಟೀವಿ ಕಂಪನಿಗಳ ಕಟ್ಟಡಗಳು, ಮನೆಗಳು. ಮೊದಲು ಊರು, ಆಮೇಲೆ ಅದಕ್ಕೊಂದು ಗುರುತು ಅನ್ನುವುದು ಎಲ್ಲ ಕಡೆಯ ಕ್ರಮ. ಮೊಮೊಚಿಯಲ್ಲಿ ಗುರುತು ಮೊದಲು ಬಂತು. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ.

ಹಳೆಯ ದಡ ಎಲ್ಲಿತ್ತು ಎಂದು ನೋಡುವ ಆಸೆ ಇದ್ದರೆ ಒಂದು ದಾರಿ ಇದೆ. 1274ರಲ್ಲಿ ಮಂಗೋಲರ ಸೈನ್ಯ ಹಡಗುಗಳಲ್ಲಿ ಹಕಾತಾ ಕೊಲ್ಲಿಗೆ ಬಂದು ಇಳಿಯಿತು. ಮತ್ತೆ ಬಂದಾರು ಎಂದು 1276ರಲ್ಲಿ ದಡದ ಉದ್ದಕ್ಕೂ ಸುಮಾರು 20 ಕಿಲೋಮೀಟರ್ ಕಲ್ಲಿನ ಗೋಡೆ ಕಟ್ಟಿದರು. 1281ರಲ್ಲಿ ಅವರು ಬಂದೇ ಬಂದರು. ಆ ಗೋಡೆಯ ತುಂಡುಗಳು ನಿಶಿಜಿನ್, ಮೊಮೊಚಿ ಕಡೆ ಇವತ್ತಿಗೂ ಇವೆ. ಈಗ ಅಲ್ಲಿ ನಿಂತರೆ ಸುತ್ತ ರಸ್ತೆ, ಮನೆ, ಕಾಲೇಜು. ಅಲೆ ತಡೆಯುವಷ್ಟು ಹತ್ತಿರ ಇದ್ದ ಗೋಡೆ ಊರಿನ ಒಳಗೆ ಸೇರಿಕೊಂಡಿದೆ. ನಿಶಿಜಿನ್ ಮೆಟ್ರೋ ಸ್ಟೇಷನ್ನಿನಿಂದ ಗೋಪುರಕ್ಕೆ ನಡೆದು ಹೋಗುವವರು ಸುಮಾರು 20 ನಿಮಿಷದಲ್ಲಿ ಹಳೇ ದಡ ದಾಟಿ, ಹೊಸ ನೆಲ ದಾಟಿ, ಹೊಸ ದಡ ಮುಟ್ಟುತ್ತಾರೆ. ಎಷ್ಟೋ ಜನ ಬಸ್ಸಿನಲ್ಲಿ ಬರ್ರನೆ ಬಂದು ಇಳಿದು ಇದನ್ನೆಲ್ಲ ತಪ್ಪಿಸಿಕೊಳ್ಳುತ್ತಾರೆ.

ಸಂಜೆಬಿಸಿಲು:
ಚಿನ್ನದ ಮುದ್ರೆಯ ವಿಷಯ ಬಿಟ್ಟಿರಲ್ಲ! ನಿಮ್ಮ ಹೆಸರೇ ಹಳೇನಾಣ್ಯ.

ಹಳೇನಾಣ್ಯ:
ಬರುತ್ತಿದ್ದೆ ಅಕ್ಕ. ಗೋಪುರದ ಮೇಲೆ ನಿಂತು ವಾಯವ್ಯಕ್ಕೆ ನೋಡಿದರೆ ಕೊಲ್ಲಿಯ ಬಾಯಲ್ಲಿ ಶಿಕಾನೊಶಿಮಾ ಕಾಣುತ್ತದೆ. ಹೆಸರಿಗೆ ದ್ವೀಪ, ಉದ್ದನೆಯ ಮರಳ ಪಟ್ಟಿ ಅದನ್ನು ನೆಲಕ್ಕೆ ಸೇರಿಸಿದೆ. 1784ರಲ್ಲಿ ಅಲ್ಲಿನ ಹೊಲದಲ್ಲಿ ಒಂದು ಪುಟ್ಟ ಚಿನ್ನದ ಮುದ್ರೆ ಸಿಕ್ಕಿತು. ಒಂದೊಂದು ಬದಿ ಸುಮಾರು 2.3 ಸೆಂಟಿಮೀಟರ್, ತೂಕ ಸುಮಾರು 108 ಗ್ರಾಂ. ಕ್ರಿ.ಶ. 57ರಲ್ಲಿ ಚೀನಾದ ಹಾನ್ ಚಕ್ರವರ್ತಿ ಇಲ್ಲಿನ ನಾ ಎಂಬ ರಾಜ್ಯದ ದೂತರಿಗೆ ಕೊಟ್ಟಿದ್ದು ಅದೇ ಎಂದು ತಿಳಿಯುತ್ತಾರೆ. ಮುದ್ರೆ ಈಗ ಇರುವುದು ಗೋಪುರದ ಹತ್ತಿರದ ಮ್ಯೂಸಿಯಮ್ಮಿನಲ್ಲಿ. ಸಿಕ್ಕ ಜಾಗವನ್ನು ಮೇಲಿನಿಂದ ನೋಡಿ, ಇಳಿದು ನಡೆದು ಹೋಗಿ ವಸ್ತುವನ್ನೇ ನೋಡಬಹುದು. ಈ ಕಾರಣಕ್ಕಾದರೂ ಹಗಲು ಹೋಗುವುದು ಒಳ್ಳೆಯದು, ಸೂರ್ಯಾಸ್ತದವರು ಬೇಜಾರು ಮಾಡಿಕೊಳ್ಳಬೇಡಿ.

ಬಂದರುಹುಡುಗ:
ಎಲ್ಲರೂ ಹೊಗಳುತ್ತಿದ್ದೀರಿ, ನಾನು ಸ್ವಲ್ಪ ಉಲ್ಟಾ ಹೇಳುತ್ತೇನೆ. ಆ ಊರಿನ ನಿಜವಾದ ಗೋಪುರ ಹಕಾತಾ ಪೋರ್ಟ್ ಟವರ್. 1964ರದ್ದು, 100 ಮೀಟರ್, ಕೆಂಪು ಬಿಳಿ ಬಣ್ಣ. ಮಾಡಿದವರು ಎಂಜಿನಿಯರ್ ನೈತೋ ತಾಚೂ. ನಾಗೋಯಾ, ಒಸಾಕಾದ ತ್ಸುತೆನ್‌ಕಾಕು, ಬೆಪ್ಪು, ಸಪ್ಪೊರೋ, ಟೋಕಿಯೋ ಟವರ್ ಎಲ್ಲ ಅವರ ಕೈಯಲ್ಲಿ ಆಗಿದ್ದು. ಈ ಆರನ್ನೂ ಅಣ್ಣತಮ್ಮಂದಿರು ಅನ್ನುತ್ತಾರೆ, ಹಕಾತಾದ್ದು ಕೊನೇ ತಮ್ಮ. ಸುಮಾರು 70 ಮೀಟರ್ ಎತ್ತರಕ್ಕೆ ಹತ್ತಬಹುದು, ಅದೂ ಬಿಟ್ಟಿ! ಕಾಲ ಕೆಳಗೇ ಬಂದರು, ಹಡಗು, ಜೀವ ಇರುವ ಜಾಗ. ಮೊಮೊಚಿಯ ಗಾಜಿನದ್ದಕ್ಕೆ ಅಂಥ ವಂಶ ಎಲ್ಲಿದೆ?

ಬಣ್ಣದಪೆಟ್ಟಿಗೆ:
ವಂಶ ನೋಡೋಕೆ ಇದೇನು ಮದುವೆಯಾ? 😄 ಮೊಮೊಚಿಯ ಗೋಪುರ ವಿನ್ಯಾಸ ಮಾಡಿದ್ದು ನಿಕ್ಕೆನ್ ಸೆಕ್ಕೇಯ್ ಎಂಬ ಕಂಪನಿ, ಅವರೇ ಆಮೇಲೆ ಸ್ಕೈಟ್ರೀ ಮಾಡಿದರು. ಬೇಕಿದ್ದರೆ ಇದು ಸ್ಕೈಟ್ರೀಯ ಅಕ್ಕ ಅಂದುಕೊಳ್ಳಿ. ಆದರೆ ಪೋರ್ಟ್ ಟವರ್ ಚೆನ್ನಾಗಿದೆ ಅನ್ನುವುದನ್ನು ಒಪ್ಪುತ್ತೇನೆ. ದುಡ್ಡು ಕೊಡದೆ ಹತ್ತುವ ಗೋಪುರ ಎಲ್ಲಿ ಸಿಗುತ್ತದೆ!

ಕಡಲಹಕ್ಕಿ:
ಭೂಕಂಪದ ಬಗ್ಗೆ ಒಂದು ಅನುಮಾನ ಉಳಿಯಿತು. 2005ರಲ್ಲಿ ಫುಕುಓಕಾದಲ್ಲಿ ದೊಡ್ಡದಾಗಿ ನಡುಗಿತ್ತಲ್ಲ. ಆಗ ಪೇಟೆಯಲ್ಲಿ ಗಾಜು ಉದುರಿದ ಫೋಟೋ ನೋಡಿದ್ದೇನೆ. 8,000 ಕನ್ನಡಿ ಹಾಳೆ ಹೊತ್ತ ಗೋಪುರದ ಕೆಳಗೆ ನಿಲ್ಲಲು ಧೈರ್ಯ ಬರುವುದು ಹೇಗೆ?

ನಟ್ಟುಬೋಲ್ಟು:
ಒಳ್ಳೆಯ ಪ್ರಶ್ನೆ. 2005ರ ಮಾರ್ಚ್ 20, ಭಾನುವಾರ ಬೆಳಿಗ್ಗೆ. ತೀವ್ರತೆ 7.0, ಮೂಲ ಗೆಂಕಾಯ್ ಸಮುದ್ರದ ತಳ. ಹತ್ತಿರದ ಗೆಂಕಾಯ್ ದ್ವೀಪದಲ್ಲಿ ಮನೆಗಳು ತುಂಬಾ ಹಾಳಾದವು. ಗೋಪುರ ನಿಂತಿತು. ನೀವು ಹೇಳುವ ಫೋಟೋ ತೆಂಜಿನ್ ಪೇಟೆಯ ಒಂದು ಹಳೇ ಆಫೀಸ್ ಕಟ್ಟಡದ್ದು. ನೂರಾರು ಗಾಜು ಒಡೆದು ಬೀದಿಗೆ ಬಿದ್ದವು. ಕಟ್ಟಡ ಬಿದ್ದಿರಲಿಲ್ಲ, ಬಿದ್ದಿದ್ದು ಗಾಜು ಮಾತ್ರ. ಕಾರಣ ಗಾಜನ್ನು ಕೂರಿಸಿದ ರೀತಿ. ಹಳೇ ಕಾಲದ ತೆರೆಯದ ಕಿಟಕಿಗಳಲ್ಲಿ ಗಾಜನ್ನು ಪುಟ್ಟಿಯಿಂದ ಅಂಟಿಸುತ್ತಿದ್ದರು. ವರ್ಷಗಳಾದ ಮೇಲೆ ಅದು ಕಲ್ಲಿನಂತೆ ಗಟ್ಟಿಯಾಗುತ್ತದೆ. ಚೌಕಟ್ಟು ಓರೆಯಾದಾಗ ಗಾಜಿಗೆ ಸರಿದುಕೊಳ್ಳಲು ಜಾಗವಿಲ್ಲ, ಒಡೆಯುತ್ತದೆ.

ಆಮೇಲಿನ ಕಟ್ಟಡಗಳಲ್ಲಿ ಗಾಜಿನ ಅಂಚಿಗೆ ಮೆತ್ತನೆಯ ಸೀಲೆಂಟ್ ಹಾಕಿ, ಸುತ್ತ ಕೆಲವು ಮಿಲಿಮೀಟರ್ ಆಟ ಬಿಡುತ್ತಾರೆ. ಚೌಕಟ್ಟು ಓರೆಯಾದರೂ ಗಾಜು ಅದರೊಳಗೆ ಸ್ವಲ್ಪ ತಿರುಗಿ ಉಳಿದುಕೊಳ್ಳುತ್ತದೆ. ಎತ್ತರಕ್ಕಿಂತ ಈ ಕೆಲವು ಮಿಲಿಮೀಟರ್ ಮುಖ್ಯ.

ಇನ್ನು ತುಂಬಿದ ನೆಲದ ವಿಷಯ. ನೀರು ಹೀರಿದ ಸಡಿಲ ಮರಳು ನಡುಗಿದರೆ ಕೆಸರಿನಂತೆ ಹರಿಯಲು ಶುರುಮಾಡುತ್ತದೆ. ದಡದ ಹೊಸ ನೆಲಕ್ಕೆಲ್ಲ ಇದೇ ಭಯ. ಮೇಲೆ ಹೇಳಿದ ಆ 25,000 ಟನ್ನಿನ ಅಡಿಪಾಯವನ್ನು ಈಗ ಇನ್ನೊಮ್ಮೆ ನೆನಪಿಸಿಕೊಳ್ಳಿ.

ರನ್‌ವೇ:
ಯಾರೂ ವಿಮಾನದ ಮಾತೇ ಎತ್ತಲಿಲ್ಲ. ಫುಕುಓಕಾ ವಿಮಾನ ನಿಲ್ದಾಣ ಹಕಾತಾ ರೈಲ್ವೆ ಸ್ಟೇಷನ್ನಿನಿಂದ ಮೆಟ್ರೋದಲ್ಲಿ ಎರಡನೇ ಸ್ಟೇಷನ್, ಐದಾರು ನಿಮಿಷ. ಇಷ್ಟು ಹತ್ತಿರ ಇರುವುದರಿಂದ ಪೇಟೆಯ ಮಧ್ಯೆ ಕಟ್ಟಡಗಳ ಎತ್ತರಕ್ಕೆ ಕಟ್ಟುಪಾಡು ಇತ್ತು. ಈಚೆಗೆ ತೆಂಜಿನ್‌ನಲ್ಲಿ ಅದನ್ನು ಸಡಿಲಿಸಿ ಹಳೇ ಕಟ್ಟಡ ಕೆಡವಿ ಹೊಸದು ಕಟ್ಟುತ್ತಿದ್ದಾರೆ. 2023ರಲ್ಲಿ ತೆರೆದ ದೈಮ್ಯೋ ಗಾರ್ಡನ್ ಸಿಟಿ ಕೂಡ 111 ಮೀಟರ್ ಅಷ್ಟೇ. ಗೋಪುರದ ನೋಡುವ ಮಹಡಿಗಿಂತ ಕಡಿಮೆ.

ಹಾಗಾಗಿ ಪೇಟೆ ತಗ್ಗಾಗಿ ಹರಡಿಕೊಂಡಿದೆ. ವಿಮಾನದ ದಾರಿಯಿಂದ ದೂರ, ಪಶ್ಚಿಮದ ಸಮುದ್ರದ ಅಂಚಿನಲ್ಲಿ ಗೋಪುರ ಒಂಟಿಯಾಗಿ ಎದ್ದು ನಿಂತಿದೆ. ಇದೇ 234 ಮೀಟರನ್ನು ಟೋಕಿಯೋದ ಶಿಂಜುಕುವಿನಲ್ಲಿ ನಿಲ್ಲಿಸಿದ್ದರೆ ಹತ್ತರಲ್ಲಿ ಹನ್ನೊಂದು ಆಗಿ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಗುರುತು ಅನ್ನಿಸಿಕೊಳ್ಳಲು ಪಕ್ಕದವರು ಗಿಡ್ಡಗಿರಬೇಕು ಸ್ವಾಮಿ.

ಸಿಗ್ನಲ್‌ಶೆಟ್ಟಿ:
ರನ್‌ವೇ ಸರ್ ಹೇಳಿದ್ದು ಸಿಗ್ನಲ್‌ಗೂ ಒಳ್ಳೆಯದು. ಪೇಟೆಯಲ್ಲಿ ಕಟ್ಟಡಗಳು ತಗ್ಗಾಗಿದ್ದರೆ ನೆರಳು ಬೀಳುವ ಮನೆಗಳೂ ಕಡಿಮೆ.

ಕಡಲಹಕ್ಕಿ:
ಎಲ್ಲರಿಗೂ ಥ್ಯಾಂಕ್ಸ್. ಟಿಕೆಟ್ಟಿನ ವಿಷಯದಲ್ಲಿ ನನ್ನ ಮಾತು ಬದಲಾಗಿಲ್ಲ. ಈ ಗೋಪುರವನ್ನು ದೂರದಿಂದ ನೋಡುವುದೇ ಚೆಂದ, ಒಳಗೆ ಹೋದರೆ ಅದೊಂದೇ ಕಾಣುವುದಿಲ್ಲ. ಮುಂದಿನ ತಿಂಗಳು ಅಪ್ಪ ಅಮ್ಮ ಬರುತ್ತಿದ್ದಾರೆ, ಅಮ್ಮನಿಗೆ ಮಂಡಿ ನೋವು. ಹಳೇನಾಣ್ಯ ಹೇಳಿದ ಗೋಡೆ ಮತ್ತು ಮ್ಯೂಸಿಯಂ ತೋರಿಸುವ ಆಸೆ ಇದೆ. ಜಾಸ್ತಿ ನಡೆಸದೆ ಹೇಗೆ ಮಾಡುವುದು?

ಹಳೇನಾಣ್ಯ:
ಅಮ್ಮನಿಗೆ ಮಂಡಿ ನೋವಿದ್ದರೆ ನಿಶಿಜಿನ್‌ನಿಂದ ನಡೆಸಬೇಡಿ. ಗೋಡೆಯ ಹತ್ತಿರಕ್ಕೆ ಟ್ಯಾಕ್ಸಿ ಹಿಡಿಯಿರಿ, ಐದು ನಿಮಿಷ ಇಳಿದು ನೋಡಿ, ಅದೇ ಟ್ಯಾಕ್ಸಿಯಲ್ಲಿ ಮ್ಯೂಸಿಯಮ್ಮಿಗೆ. ಒಳಗೆ ಆರಾಮಾಗಿ ಕುಳಿತುಕೊಳ್ಳುತ್ತಾ ನೋಡಬಹುದು. ಮುದ್ರೆ ತುಂಬಾ ಚಿಕ್ಕದು, ಜನ ಕಡಿಮೆ ಇರುವ ವಾರದ ದಿನ ಹೋಗಿ. ಸೋಮವಾರ ಬೇಡ, ಮ್ಯೂಸಿಯಮ್ಮಿಗೆ ರಜೆ.

ಸಂಜೆಬಿಸಿಲು:
ಗಾಳಿ ಜೋರಿದ್ದರೆ ಗೋಪುರದ ಲಿಫ್ಟ್ ನಿಲ್ಲಿಸಬಹುದು, ಹೋಗುವ ದಿನ ವಿಚಾರಿಸಿಕೊಳ್ಳಿ. ಮತ್ತೆ ನೀವು ಹತ್ತದಿದ್ದರೂ ಅಪ್ಪ ಅಮ್ಮನನ್ನು ಹತ್ತಿಸಿ ಮಾರಾಯ್ರೇ, ಲಿಫ್ಟ್ ಇದೆ, ಮಂಡಿಗೆ ಏನೂ ಆಗುವುದಿಲ್ಲ. ಕೆಳಗೆ ನಿಂತು ಫೋಟೋ ತೆಗೆಯುವ ಕೆಲಸ ನಿಮಗಿರಲಿ.